ರುಮಾಲಿಲ್ಲದ ಕಾಲಾಳುಗಳು

“ನೀನು ತಪ್ಪು ಮಾಡಿದ್ದೀಯ. ನಮ್ಮ ಕೋಟೆಯ ಚರಿತ್ರೆ ಬರೆದೆ. ದೊರೆಯ ಕುದುರೆಯ ಹೆಸರನ್ನೂ ಬರೆದೆ. ಕೋಟೆಯ ಗೋಡೆ ಕಾಯ್ದವರ ಕೇರಿಯ ಹೆಸರು ಅದರಲ್ಲಿಲ್ಲ” ಎಂದರು ಗುರುಗಳು.

ಶಿಷ್ಯನ ಮುಖ ಕೆಂಪಾಯಿತು. “ಬೇಕೆಂದು ಬಿಟ್ಟದ್ದಲ್ಲ ಗುರುಗಳೇ. ಆಧಾರ ಸಿಗಲಿಲ್ಲ. ಸಿಗದಿದ್ದನ್ನು ಬಿಟ್ಟುಬಿಡುವುದು ಪ್ರಾಮಾಣಿಕತೆಯಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬೊಂಬೆಗಾರನಿದ್ದ. ಬೆರಳೆತ್ತರದ ಸೀಸದ ಸಿಪಾಯಿಗಳಿಗೆ ಬಣ್ಣ ಹಚ್ಚುವುದು ಅವನ ಕೆಲಸ. ಅದೇ ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಯುದ್ಧದಾಟದ ಹುಚ್ಚು. ಮೇಜಿನ ಮೇಲೆ ಕೋಟೆ ಕಟ್ಟುತ್ತಿದ್ದ, ಎರಡು ಕಡೆ ಬೊಂಬೆಗಳನ್ನು ನಿಲ್ಲಿಸುತ್ತಿದ್ದ, ದಾಳ ಹಾಕಿ ಹಳೆಯ ಯುದ್ಧಗಳನ್ನು ಮತ್ತೆ ಆಡುತ್ತಿದ್ದ. ಹದಿನೆಂಟನೆಯ ಶತಮಾನದಲ್ಲಿ ಹೊರಗಿನ ದಂಡೊಂದು ಆ ಊರಿನ ಕೋಟೆಗೆ ಮುತ್ತಿಗೆ ಹಾಕಿತ್ತು. ಆ ಯುದ್ಧದ ಎರಡೂ ಸೇನೆಗಳನ್ನು ಮಾಡಿಕೊಡು ಎಂದು ವರ್ತಕ ಕೇಳಿದ.

ಬೊಂಬೆಗಾರ ಕುಣಿದಾಡಿದ. ದೂರದಿಂದ ಒಂದು ಪಡೆಯನ್ನು ಗುರುತಿಸುವುದು ತಲೆಯ ಉಡುಗೆಯಿಂದ. ಆದ್ದರಿಂದ ಅವನು ತಲೆಗಳನ್ನೇ ಬೆನ್ನು ಹತ್ತಿದ. ಪುಸ್ತಕ ತರಿಸಿದ, ಚಿತ್ರ ತರಿಸಿದ, ಊಟ ಮರೆತು ಓದಿದ. ಹೊರಗಿನ ದಂಡಿನ ಮೂರು ಮೂಲೆಯ ಟೋಪಿ ಸಿಕ್ಕಿತು. ಕರಡಿ ತುಪ್ಪಳದ ಎತ್ತರದ ಟೋಪಿ ಸಿಕ್ಕಿತು. ಹಿತ್ತಾಳೆ ತಗಡು ಬಡಿದ ಟೋಪಿ ಸಿಕ್ಕಿತು. ಕೋಟೆಯ ರಾವುತರ ಜರಿ ಮುಂಡಾಸು ಕೂಡ ಸಿಕ್ಕಿತು. ಸಿಗದೇ ಹೋದದ್ದು ಕೋಟೆಯ ಕಾಲಾಳುಗಳದ್ದು ಮಾತ್ರ. ಹೊರಗಿನವರ ಚಿತ್ರಕಾರನೊಬ್ಬ ಬರೆದ ಮುತ್ತಿಗೆಯ ಚಿತ್ರದ ಮೂಲೆಯಲ್ಲಿ ಅವರಿದ್ದರು. ಒಂದು ಬಾವಿಯ ಸುತ್ತ ನಿಂತಿದ್ದರು. ಎಲ್ಲರದೂ ಬರಿ ತಲೆ. ಬೊಂಬೆಗಾರ ಕಾಲಾಳುಗಳ ತಲೆಗೆ ಕಪ್ಪು ಬಳಿದು ಕೊಟ್ಟುಬಿಟ್ಟ.

ವರ್ತಕ ತನ್ನ ಜಗಲಿಯಲ್ಲಿ ಆಟ ಹೂಡಿದ. ಜನ ಸೇರಿತು. ಮೊದಲ ದಾಳ ಬಿತ್ತು. ವರ್ತಕ ಗೋಡೆಯ ಮೇಲಿದ್ದ ಕಾಲಾಳುಗಳನ್ನೆಲ್ಲ ಬಾಚಿ ಪಕ್ಕಕ್ಕಿಟ್ಟ.

ಕೋಟೆಯ ಕೆಳಗಿನ ಕೇರಿಯ ಹೆಂಗಸೊಬ್ಬಳು ಅಲ್ಲಿದ್ದಳು. ಅವಳ ಮನೆತನದವರು ಆ ಕಾಲಾಳು ಪಡೆಯಲ್ಲಿದ್ದವರು. “ಯಾಕ್ರೀ ಸಾಹುಕಾರ್ರೇ, ನಮ್ಮವರನ್ನ ಎತ್ತಿಬಿಟ್ರಿ?” ಎಂದಳು.

“ಓಡಿಹೋದರಮ್ಮ. ತಲೆಗೆ ರುಮಾಲಿಲ್ಲ ಅಂದಮೇಲೆ ಅದು ಕವಾಯತು ಕಲಿತ ಪಡೆಯಲ್ಲ, ಹಿಡಿದು ತಂದ ಮಂದೆ. ಮಂದೆ ಒಂದೇ ಏಟಿಗೆ ಓಡಬೇಕು. ಆಟದ ನಿಯಮ ಹಾಗಿದೆ.”

ಹೆಂಗಸು ಬೊಂಬೆಗಾರನ ಕಡೆ ತಿರುಗಿದಳು. “ಏನಪ್ಪಾ ಬಣ್ಣದವನೇ, ಇವರ ಮನೇಲಿ ಯಾರು ಸತ್ತಿದ್ದಾರೆ ಅಂತ ತಲೆ ಬರಿದು ಮಾಡಿದ್ದೀಯ? ಊರೊಳಗೆ ಗೌಡರು ಎದುರಾದರೆ ತಲೆ ಬಟ್ಟೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು. ದಂಡಿಗೆ ಸೇರಿದರೆ ಬಿಚ್ಚಬೇಕಾಗಿಲ್ಲ ಅಂತಲೇ ನಮ್ಮವರು ಸೇರಿದ್ದು. ಈಗ ನೀನು ಬಿಚ್ಚಿಸಿದೆ.”

“ಅದು ಬಾಯಿಮಾತು ತಾಯಿ. ರುಮಾಲಿಗೆ ಆಧಾರ ಸಿಗಲಿಲ್ಲ. ಅದಕ್ಕೇ ಬಿಟ್ಟೆ.”

“ಎಲ್ಲಿ ಬಿಟ್ಟೆ? ಕೂದಲು ಬರೆದಿದ್ದೀಯಲ್ಲ!”

ಜನ ನಕ್ಕರು. ಬೊಂಬೆಗಾರನಿಗೆ ಸಿಟ್ಟು ಬಂತು. ಮನೆಗೆ ಓಡಿ ಆ ಚಿತ್ರವನ್ನು ತಂದು ಮೇಜಿನ ಮೇಲೆ ಬಡಿದ. “ನೋಡಿ, ಬರಿ ತಲೆ! ಕಣ್ಣಿದ್ದವರು ನೋಡಿ!” ಎನ್ನುತ್ತ ಭೂತಗನ್ನಡಿ ಹಿಡಿದ.

ಹಿಡಿದವನು ಹಾಗೆಯೇ ನಿಂತ. ಈವರೆಗೆ ಅವನು ಆ ಚಿತ್ರದಲ್ಲಿ ತಲೆಗಳನ್ನು ಮಾತ್ರ ನೋಡಿದ್ದ. ಈಗ ಅವನ ಕಣ್ಣು ಕೈಗಳ ಮೇಲೆ ಬಿತ್ತು. ಬಾಯಾರಿದ ಕಾಲಾಳುಗಳು ಬಾವಿಯಿಂದ ನೀರು ಸೇದುತ್ತಿದ್ದರು. ಕೈಯಲ್ಲಿ ಕೆಂಪು ಹಗ್ಗ. ಹಗ್ಗದ ತುದಿಯಲ್ಲಿ ಬಿಂದಿಗೆ. ಹಗ್ಗದ ಒಂದು ಬದಿಗೆ ಉದ್ದಕ್ಕೂ ಹಳದಿ ಗೆರೆ.

“ಅಂಚು!” ಎಂದು ಬೊಂಬೆಗಾರ ಕೂಗಿದ. “ಹಗ್ಗಕ್ಕೆಲ್ಲಾದರೂ ಅಂಚಿರುತ್ತದೆಯೇ? ಇದು ರುಮಾಲು! ರುಮಾಲು ಬಿಚ್ಚಿ, ಒಂದಕ್ಕೊಂದು ಗಂಟು ಹಾಕಿ, ಬಾವಿಗೆ ಬಿಟ್ಟಿದ್ದಾರೆ! ಎಲ್ಲರದೂ ಅದೇ ಕೆಂಪು, ಅದೇ ಹಳದಿ! ಮನೆಯಿಂದ ತಂದದ್ದಾಗಿದ್ದರೆ ಒಬ್ಬೊಬ್ಬರದು ಒಂದೊಂದು ಬಣ್ಣ ಇರುತ್ತಿತ್ತು. ಇದು ಉಗ್ರಾಣದಿಂದ ಕೊಟ್ಟದ್ದು! ಸಾಹುಕಾರ್ರೇ, ಇದು ಮಂದೆಯಲ್ಲ, ಪಡೆ!”

ವರ್ತಕ ಗಲ್ಲ ಕೆರೆದುಕೊಂಡ. “ಪಡೆ ಅಂದರೆ ನಿಯಮ ಬದಲಾಗುತ್ತದೆ. ಗೋಡೆ ಬಿಟ್ಟು ಕದಲುವುದಿಲ್ಲ. ನಾನು ಯಾವಾಗಲೂ ಹೊರಗಿನ ದಂಡಿನ ಕಡೆ ಆಡುವವನು. ಸೋತುಹೋಗ್ತೀನಲ್ಲೋ!”

“ಸೋಲಿ” ಎಂದ ಬೊಂಬೆಗಾರ.

ಅವನು ಕಾಲಾಳುಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹೋದ. ತಲೆಯ ಕಪ್ಪನ್ನು ಕೆರೆದು ತೆಗೆದ. ಮೇಣ ನಾದಿ, ಎಳೆ ಎಳೆಯಾಗಿ ಹೊಸೆದು, ಒಂದೊಂದು ತಲೆಗೂ ರುಮಾಲು ಸುತ್ತಿದ. ಕೆಂಪು ಹಚ್ಚಿದ, ಹಳದಿ ಅಂಚು ಎಳೆದ. ಮತ್ತೆ ತಂದು ಗೋಡೆಯ ಮೇಲೆ ನಿಲ್ಲಿಸಿದ. ವರ್ತಕ ಗೊಣಗುತ್ತ ದಾಳ ಹಾಕಿದ. ಕಾಲಾಳುಗಳು ನಿಂತರು. ಮತ್ತೆ ಹಾಕಿದ. ನಿಂತೇ ಇದ್ದರು. ಕೇರಿಯ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಹಾಕ್ರೀ ಸಾಹುಕಾರ್ರೇ, ಇನ್ನೊಂದು ಹಾಕ್ರೀ!” ಎಂದು ಕೂಗುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: “ಅವನ ಕೈಯಲ್ಲಿ ಚಿತ್ರವಾದರೂ ಇತ್ತು. ನನಗೆ ಏನೂ ಸಿಗಲಿಲ್ಲ ಗುರುಗಳೇ.”

“ದೊರೆಯ ಕಪಾಟಿನ ಕಾಗದ ಬಿಟ್ಟು ಬೇರೆಲ್ಲಿ ಹುಡುಕಿದೆ? ಏಳು, ಹೋಗಿ ಹುಡುಕು.”