ಮುನ್ನೂರರ ಅಕ್ಷರ

ಹೂಂ ಅನ್ನುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಗದಗಿನಲ್ಲಿ ಶಂಕ್ರವ್ವ ಅಂತ ಒಬ್ಬಳಿದ್ದಳು. ಅವಳಿಗೆ ಅಡಿವೆಪ್ಪ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆಯುವುದನ್ನು ಮರೆತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ.

ಅವನಪ್ಪ ರಾಚಪ್ಪ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಕೈಯಲ್ಲಿ ಒಂದೇ ಹಿತ್ತಾಳೆ ಪಟ್ಟಿ, ಎಲ್ಲ ಅಳತೆಯೂ ಅದರಲ್ಲೇ. ಪ್ರೆಸ್ಸಿನ ಸಾವುಕಾರರು ಕಂಪ್ಯೂಟರ್ ತಂದು ಸೀಸದ ಮೊಳೆಗಳನ್ನೆಲ್ಲ ತೂಕಕ್ಕೆ ಮಾರಿದ ದಿನ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಎದ್ದು ಹೋದ. ಸೊಲ್ಲಾಪುರದಲ್ಲಿ ಇನ್ನೂ ಮೊಳೆ ಜೋಡಿಸುವ ಪ್ರೆಸ್ಸು ಇದೆಯಂತೆ, ಅಲ್ಲಿದ್ದಾನಂತೆ. ಯಾವ ಪ್ರೆಸ್ಸೋ, ಯಾವ ಓಣಿಯೋ! ನಾಲ್ಕು ವರ್ಷವಾದರೂ ಒಂದು ಕಾಗದವಿಲ್ಲ. ಶಂಕ್ರವ್ವ ಆ ಪಟ್ಟಿಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು. ಅವಳಿಗೆ ಗಂಡ ಮನೆಗೆ ಬರಬೇಕಿತ್ತು, ಬೇರೇನೂ ಬೇಡವಾಗಿತ್ತು.

ಅಪ್ಪ ದುಡಿದದ್ದನ್ನು ನೆನೆದು ಸಾವುಕಾರರು ಮಗನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು.

“ಲಗ್ನಪತ್ರಿಕಿ! ಸುತ್ತ ಅರ್ಧ ಇಂಚು ಜಾಗಾ ಬಿಡು!”

ಅಡಿವೆಪ್ಪ ‘ಅರ್ಧ’ ಅಂತ ಒತ್ತಿದ. ಯಂತ್ರ ಅಲ್ಲಿ ಕೇಳುತ್ತಿದ್ದದ್ದು ಮಿಲಿಮೀಟರ್. ಕಟಿಂಗ್ ಆಗಿ ಬಂದಾಗ ಮದುಮಗನ ಹೆಸರೂ ಅರ್ಧ, ಮದುಮಗಳ ಹೆಸರೂ ಅರ್ಧ!

“ಏ ದಡ್ಡಾ! ಒಂದು ಇಂಚಿಗೆ ಇಪ್ಪತ್ತೈದು ಮಿಲಿಮೀಟರ್! ಇನ್ನ ಮ್ಯಾಲೆ ಯಾವ ಅಂಕಿ ಹೇಳಿದರೂ ಇಪ್ಪತ್ತೈದರಿಂದ ಗುಣಿಸಿ ಹಾಕು!”

“ಆತ್ರೀ ಸಾವುಕಾರ್ರ.”

ಮನೆಯಲ್ಲಿ ಅವ್ವ ಹಣೆ ಹಣೆ ಬಡಿದುಕೊಂಡಳು. “ನಿಮ್ಮಪ್ಪ ಇದ್ದಿದ್ರ ಹೆಬ್ಬಟ್ಟಿಲೇ ಅಳದು ತೋರಿಸ್ತಿದ್ರು!”

ಮರುದಿನ ಹಿಟ್ಟಿನ ಗಿರಣಿಯ ಹ್ಯಾಂಡ್‌ಬಿಲ್. “ಅಕ್ಷರದ ಅಳತಿ ಹನ್ನೆರಡು ಇರಲಿ!” ಅಂದರು ಸಾವುಕಾರರು. ಅಡಿವೆಪ್ಪ ಬೆರಳು ಮಡಿಚಿ ಬೆರಳು ಬಿಚ್ಚಿ ಗುಣಿಸಿದ. ಮುನ್ನೂರು! ಒಂದು ಹಾಳೆಗೆ ಒಂದೇ ಅಕ್ಷರ ಬಂತು. ‘ಹಿಟ್ಟಿನ ಗಿರಣಿ’ ಅನ್ನುವುದಕ್ಕೇ ಆರು ಹಾಳೆ!

“ಅಕ್ಷರಕ್ಕ ಪಾಯಿಂಟೋ, ಪಾಯಿಂಟು! ಎಪ್ಪತ್ತೆರಡು ಕೂಡಿದರ ಒಂದು ಇಂಚು! ಗುಣಿಸಬ್ಯಾಡ! ಓದಾವ ಎಷ್ಟು ದೂರ ನಿಂತಾನ ಮೊದಲ ನೋಡು!”

“ಆತ್ರೀ ಸಾವುಕಾರ್ರ.”

“ನಿಮ್ಮಪ್ಪ ಇದ್ದಿದ್ರ...” ಅಂದಳು ಅವ್ವ.

ವಕೀಲರೊಬ್ಬರು ವಿಸಿಟಿಂಗ್ ಕಾರ್ಡಿಗೆ ಬಂದರು. ಅಡಿವೆಪ್ಪ ಎದ್ದು ಅವರ ತನಕ ಹೆಜ್ಜೆ ಹಾಕಿದ. ಐದು ಹೆಜ್ಜೆ. ಐದು ಒತ್ತಿದ. ವಕೀಲರು ಕನ್ನಡಕ ಒರೆಸಿದರು, ಕಾರ್ಡನ್ನು ಬಿಸಿಲಿಗೆ ಹಿಡಿದರು. ತಮ್ಮ ಹೆಸರು ತಮಗೇ ಕಾಣಲಿಲ್ಲ!

ಸಾವುಕಾರರು ಕೈ ಮುಗಿದರು. “ದೂರ ಹೆಚ್ಚಾದಂಗ ಅಕ್ಷರ ದೊಡ್ಡದಾಗಬೇಕೋ ಮಾರಾಯಾ! ಎಷ್ಟು ದೂರದಿಂದ ಕಾಣಬೇಕೋ ಅಷ್ಟು ದೊಡ್ಡದು ಹಾಕು!”

“ಆತ್ರೀ ಸಾವುಕಾರ್ರ.”

ಅವತ್ತು ಅವ್ವ ಬೈಯಲಿಲ್ಲ. ಮಗನನ್ನು ಹತ್ತಿರ ಕರೆದಳು. “ನನ್ನಪ್ಪಾ, ನನಗೂ ಒಂದು ಅಚ್ಚು ಹಾಕಿಕೊಡು. ‘ಬಾ’ ಅಂತ ಅಷ್ಟ. ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ಅಲ್ಲಿ ಸ್ಟ್ಯಾಂಡಿನ್ಯಾಗ ಹಚ್ಚತೀನಿ ಅಂದಾನ. ನಿಮ್ಮಪ್ಪನ ಕಣ್ಣಿಗೆ ಬೀಳಬೇಕು ನೋಡು.”

“ನಿನ್ನ ಹೆಸರು ಹಾಕ್ಲೇನವ್ವಾ?”

“ಬ್ಯಾಡ. ಯಾರು ಕರದಾರ ಅಂತ ಅವರಿಗೆ ಗೊತ್ತಾಗತೈತಿ.”

ಅಡಿವೆಪ್ಪ ಕಂಡಕ್ಟರನನ್ನು ಹುಡುಕಿಕೊಂಡು ಹೋದ. “ಸೊಲ್ಲಾಪುರ ಎಷ್ಟು ದೂರ್ರೀ?”

“ಸುಮಾರು ಮುನ್ನೂರು ಕಿಲೋಮೀಟರ್.”

ಓಡಿ ಬಂದ, ಮುನ್ನೂರು ಒತ್ತಿದ. ಯಂತ್ರಕ್ಕೆ ಕಿಲೋಮೀಟರ್ ಏನು ಗೊತ್ತು! ಗಿರಣಿಗೆ ಬಂದ ಅದೇ ಅಳತೆಯ ಅಕ್ಷರ ಬಂತು, ಒಂದು ಹಾಳೆಗೆ ಒಂದು. ‘ಬಾ’.

ಸಂಜೆ ಬಸ್ಸು ಹೊರಟುಹೋಯಿತು. ಶಂಕ್ರವ್ವ ಮಗನ ದಾರಿ ಕಾದು ಹೊರಗೆ ಬಂದರೆ ಹಾಳೆ ಮನೆಯ ಗೋಡೆಯ ಮೇಲಿದೆ! ಅಡಿವೆಪ್ಪ ಅಂಟು ಮೆತ್ತಿದ ಕೈ ಒರೆಸಿಕೊಳ್ಳುತ್ತಿದ್ದಾನೆ.

“ಅಯ್ಯೋ ನನ್ನ ಕರ್ಮ! ಕಂಡಕ್ಟರ್ ಕೈಯಾಗ ಯಾಕ ಕೊಡಲಿಲ್ಲೋ?”

“ಯಾಕ ಬೇಕವ್ವಾ? ಮುನ್ನೂರು ಕಿಲೋಮೀಟರಿನ ಅಕ್ಷರ ಇದು! ಅಪ್ಪಗ ಅಲ್ಲಿಂದನ ಕಾಣತೈತಿ!”

ಶಂಕ್ರವ್ವ ಹಾಳೆ ಕೀಳಲು ಕೈ ಎತ್ತಿದಳು. ಎತ್ತಿದ ಕೈ ಆ ಅಕ್ಷರದ ಮೇಲೆ ಹಾಗೇ ನಿಂತಿತು. ನಾಲ್ಕು ವರ್ಷ ಎದೆಯೊಳಗೇ ಇಟ್ಟುಕೊಂಡಿದ್ದ ಮಾತು ಕಣ್ಣೆದುರಿಗೇ ಇತ್ತು. ಅವಳಿಗೆ ಅಳು ಬಂತು. ಕಣ್ಣು ಒರೆಸಿಕೊಂಡು ಮಗನ ತಲೆಗೊಂದು ಮೊಟಕಿದಳು.

“ದಡ್ಡಾ! ಇದು ಹುಬ್ಬಳ್ಳಿ ಕಡೆ ಗ್ವಾಡಿ! ಸೊಲ್ಲಾಪುರ ಆ ಕಡೆ ಐತಿ! ಇಲ್ಲಿ ಹಚ್ಚಿದರ ನಿಮ್ಮಪ್ಪಗ ಹೆಂಗೋ ಕಾಣಬೇಕು? ತಗೀ, ಹಗೂರಕ ತಗೀ, ಹರದೀತು! ನಾ ಅಂಟು ಕಲಸಿ ತರತೀನಿ!”