ಕೈ ಖಾಲಿಯಾಗಲೆಂದು ಕಾದ ಸಿಂಗ್ರಯ್ಯ

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ಬಾಯಿಗೆ ಸೆರಗು ಹಿಡಿದುಕೊಳ್ಳಿ. ಒಂದೂರಲ್ಲಿ ಲಕ್ಕಮ್ಮ, ಅವಳಿಗೊಬ್ಬ ಪೆದ್ದ ಮಗ ಸಿಂಗ್ರಯ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತೊಂದರೆ!

ಲಕ್ಕಮ್ಮ ಜ್ವರ ಬಂದು ಮೂರು ವಾರ ಮಲಗಿದಳು. ಬದುಕಿದ್ದು ಊರವರಿಂದ. ಎದ್ದು ಕೂತವಳೇ ಮಗನನ್ನು ಕರೆದಳು.

"ಲೋ ಸಿಂಗ್ರಾ, ಶುಕ್ರವಾರ ಅವರಿಗೆಲ್ಲ ಊಟ ಹಾಕಬೇಕು ಕಣೋ. ನನ್ನ ಕಾಲಲ್ಲಿ ಇನ್ನೂ ಶಕ್ತಿ ಇಲ್ಲ, ನೀನೇ ಹೋಗಿ ಕರಿ. ಊಟದ ದಿನ ಅವರು ಮಾಡಿದ್ದನ್ನೆಲ್ಲ ನೆನೆದು ನೀನೇ ನಾಲ್ಕು ಮಾತೂ ಆಡಬೇಕು. ಉಪಕಾರ ಮಾಡಿಸಿಕೊಂಡು ಸುಮ್ಮನಿದ್ದಾರೆ ಅನ್ನಿಸಿಕೊಂಡು ನಾನು ಹೇಗೋ ತಲೆ ಎತ್ತಲಿ?"

"ಆಗಲಮ್ಮ!"

ಹಿಟ್ಟಿನ ಗಿರಣಿಗೆ ಹೋದ. ಗಿರಣಿ ಗಡಗಡ ಅನ್ನುತ್ತಿತ್ತು. ಇವನು ಗಿರಣಿಯ ಬಸವಯ್ಯನ ಮುಂದೆ ನಿಂತು ಬಾಯೊಳಗೇ ಗೊಣಗಿದ. ಅವನಿಗೆ ಕೇಳಲೇ ಇಲ್ಲವೆಂದು ವಾಪಸ್ಸು ಬಂದು ಅಮ್ಮನಿಗೆ ಹೇಳಿದ.

"ಥೂ ಪೆದ್ದೇ! ಆಚೆ ಬೀದಿಗೂ ಕೇಳುವ ಹಾಗೆ ಗಂಟಲು ಬಿಟ್ಟು ಹೇಳಬೇಕು!"

"ಆಗಲಮ್ಮ!"

ನೆರೆಮನೆಗೆ ಹೋದ. ಅಲ್ಲಿ ದೊಡ್ಡತಾಯಮ್ಮ ಮೊಮ್ಮಗುವನ್ನು ತೂಗಿ ತೂಗಿ ಆಗತಾನೇ ಮಲಗಿಸಿದ್ದಳು. ಸಿಂಗ್ರಯ್ಯ ತೊಟ್ಟಿಲ ಪಕ್ಕ ನಿಂತು, "ಶುಕ್ರವಾರ ಊಟಕ್ಕೆ ಬನ್ನೀ...!" ಎಂದ. ಮಗು ಕಿಟಾರನೆ ಕಿರುಚಿತು, ಎಮ್ಮೆ ಹಗ್ಗ ಕಿತ್ತಿತು. ಆಚೆ ಬೀದಿಯ ಗಿರಣಿಯೊಳಗಿನಿಂದ ಬಸವಯ್ಯ, "ಆಗಲಪ್ಪಾ, ಬರ್ತೀನಿ!" ಅಂದ.

"ಅಯ್ಯೋ ನನ್ನ ಕರ್ಮವೇ! ಹತ್ತಿರ ಹೋಗಿ ಕಿವಿಯಲ್ಲಿ ಮೆಲ್ಲಗೆ ಹೇಳಬೇಕೋ!"

"ಆಗಲಮ್ಮ!"

ಆಮೇಲೆ ಊರ ಗೌಡರ ಮನೆಗೆ ಹೋದ. ಚನ್ನೇಗೌಡರು ಜಗಲಿಯ ಮೇಲೆ ಕ್ಷೌರಕ್ಕೆ ಕೂತಿದ್ದರು. ಸಿಂಗ್ರಯ್ಯ ಹಿಂದಿನಿಂದ ಮೆಲ್ಲಗೆ ಹೋದ. ಮೆಲ್ಲಗೆ ಬಾಗಿದ. ಕಿವಿಯಲ್ಲಿ ಮೆಲ್ಲಗೆ, "ಶುಕ್ರವಾರ ಊಟಕ್ಕೆ ಬನ್ನಿ." ಗೌಡರು ಬೆಚ್ಚಿ ಹಾರಿದರು, ಕ್ಷೌರಿಕನ ಕೈಯ ಕತ್ತಿ ಜಾರಿತು, ಅರ್ಧ ಮೀಸೆ ಮಡಿಲಿಗೆ ಬಿತ್ತು!

"ಮುಗೀತು ನನ್ನ ಮಾನ! ಕೈ ಕೆಲಸದಲ್ಲಿರುವವರ ಹತ್ತಿರ ಬಾಯಿ ತೆರೀಬೇಡವೋ! ಕೈ ಖಾಲಿಯಾಗೋವರೆಗೂ ಕಾಯಬೇಕು!"

"ಆಗಲಮ್ಮ!"

ಶುಕ್ರವಾರ ಬಂತು. ಎಲ್ಲರೂ ಬಂದರು, ಅರ್ಧ ಮೀಸೆಯ ಗೌಡರೂ ಬಂದರು. ಸಾಲಾಗಿ ಕೂತು ಉಂಡರು. ಕೈ ಖಾಲಿ ಇಲ್ಲ, ಸಿಂಗ್ರಯ್ಯ ಕಾದ. ಚೊಂಬು ಹಿಡಿದು ಕೈ ತೊಳೆದರು. ಕೈ ಖಾಲಿ ಇಲ್ಲ, ಕಾದ. ವೀಳ್ಯದೆಲೆಗೆ ಸುಣ್ಣ ಸವರಿದರು. ಊಹೂಂ, ಕಾದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು!

"ಹೋಗ್ತಿದ್ದಾರೆ ಕಣೋ ಮಂಕೇ! ಹೇಳೋ!"

"ಈಗ ಖಾಲಿ ಆಯ್ತಮ್ಮ!" ಎಂದವನೇ ಓಡಿ ಬಾಗಿಲಿಗೆ ಅಡ್ಡ ನಿಂತ.

"ಬಸವಯ್ಯಣ್ಣಾ, ನೀನು ಗಿರಣಿ ನಿಲ್ಲಿಸಿ ಸೈಕಲ್ ಮೇಲೆ ಡಾಕ್ಟರನ್ನ ಕರ್ಕೊಂಡು ಬಂದೆ. ದೊಡ್ಡತಾಯವ್ವಾ, ನೀನು ಗಂಜಿ ಆರಿಸಿ ಆರಿಸಿ ಕುಡಿಸಿದೆ. ಅಮ್ಮ ಉಗುಳಿದರೂ ಬಿಡಲಿಲ್ಲ. ಗೌಡ್ರೇ, ದಿನಾ ಬೆಳಗ್ಗೆ ನೀವೇ ಹಾಲು ತಂದಿರಿ. ನಾನು ಮೂಲೇಲಿ ಅಳ್ತಾ ಕೂತಿದ್ದೆ, ನನಗೂ ಉಣ್ಣಿಸಿದಿರಿ. ನಮ್ಮಮ್ಮ ಈಗ ದಿನಾ ಬೈತಾಳಲ್ಲ, ಆ ಬೈಗುಳ ನೀವು ಕೊಟ್ಟಿದ್ದು. ಅದಕ್ಕೇ ನಾನು ನಿಮಗೆ..."

ಬಸವಯ್ಯ ಕೈ ಮುಗಿದ. ದೊಡ್ಡತಾಯಮ್ಮ ಕೈ ಮುಗಿದಳು. ಗೌಡರೂ ಮುಗಿದರು.

ಸಿಂಗ್ರಯ್ಯ ಗಪ್ಪನೆ ಬಾಯಿ ಮುಚ್ಚಿದ.

"ಯಾಕೋ ನಿಲ್ಲಿಸಿದೆ?"

"ಕೈ ಖಾಲಿ ಇಲ್ಲಮ್ಮ. ಮುಗೀತಿದ್ದಾರೆ!"

ಅವರು ಕೈ ಇಳಿಸಲೊಲ್ಲರು, ಇವನು ಬಾಯಿ ತೆರೆಯಲೊಲ್ಲ. ಲಕ್ಕಮ್ಮ ಬೈಯಲು ಹೋದವಳು ಬೈಯಲಾಗದೆ, ಕಣ್ಣೊರೆಸಿಕೊಂಡು ತಾನೂ ಅವರಿಗೆ ಕೈ ಮುಗಿದಳು.

"ಸರಿಹೋಯ್ತು, ಇನ್ನೊಂದು ಜೊತೆ ಕೈ!" ಎಂದು ಸಿಂಗ್ರಯ್ಯ ಉಸ್ಸೆಂದು ಹೊಸ್ತಿಲ ಮೇಲೆ ಕೂತ, ಕಾಯುತ್ತಾ.