ಹೊರೆ ಎಂಬ ಮಾತು ಹುಟ್ಟಿದ್ದು

"ಗುರುಗಳೇ, ಹೊರೆ ಎಂಬ ಮಾತನ್ನು ಹುಟ್ಟಿಸಿದವನು ಯಾರು?"

ಶಿಷ್ಯ ಹಂಪಯ್ಯ ಸೌದೆಯ ಹೊರೆಯನ್ನು ಮಠದ ಅಂಗಳದಲ್ಲಿ ದೊಪ್ಪನೆ ಕೆಡವಿ ಹೀಗೆ ಕೇಳಿದ. ಬಟ್ಟೆಯ ಸಿಂಬಿ ಇನ್ನೂ ಅವನ ತಲೆಯ ಮೇಲೆಯೇ ಇತ್ತು.

"ಅವನಿಂದ ನಿನಗೇನಾಗಬೇಕು?" ಎಂದರು ಗುರುಗಳು.

"ಇದನ್ನು ಅವನ ತಲೆಯ ಮೇಲೇ ಇಳಿಸಬೇಕು. ಹುಲ್ಲಿನ ಹೊರೆ, ಸೌದೆ ಹೊರೆ, ಸಂಸಾರದ ಹೊರೆ, ಮನಸ್ಸಿನ ಹೊರೆ. ಎಲ್ಲಿ ಹೋದರೂ ಇದೇ ಮಾತು. ಮಠದಲ್ಲಿ ಉಣ್ಣುವವರು ಎಷ್ಟೊಂದು ಜನ. ಹೊತ್ತು ತರುವವನು ನಾನೊಬ್ಬನೇ. ನಾಳೆ ನನ್ನ ದಾರಿ ನಾನು ಹಿಡಿಯುತ್ತೇನೆ."

ಗುರುಗಳು ಮೀಸೆ ತಿರುವಿದರು.

"ಹೋಗುವೆಯಂತೆ. ಆದರೆ ಇದಕ್ಕೆ ಉತ್ತರ ಬಲ್ಲವನು ಮೂರು ಲೋಕದಲ್ಲೂ ನಾನೊಬ್ಬನೇ. ಇನ್ನೊಬ್ಬನಿದ್ದ. ಅವನಿಗೂ ಹೇಳಿಕೊಟ್ಟವನು ನಾನೇ. ಕೂತು ಕೇಳು."

ಒಂದು ಊರಿನಲ್ಲಿ ಒಬ್ಬ ಸೌದೆಯವನಿದ್ದ. ಮಹಾ ಬಲಶಾಲಿ. ಅವನು ಹೊರುತ್ತಿದ್ದ ಕಟ್ಟಿನ ಮುಂದಿನ ತುದಿ ಮನೆ ಮುಟ್ಟಿದಾಗ ಹಿಂದಿನ ತುದಿ ಇನ್ನೂ ಗುಡ್ಡದ ಮೇಲೆಯೇ ಇರುತ್ತಿತ್ತು. ಅದರಲ್ಲಿ ಗೂಡು ಕಟ್ಟಿದ ಗುಬ್ಬಿಗಳು ದಾರಿಯಲ್ಲೇ ಮರಿ ಮಾಡಿ ಹಾರಿಹೋಗುತ್ತಿದ್ದವು. ಸುಳ್ಳೆನ್ನುವವರು ಆ ಗುಬ್ಬಿಗಳನ್ನೇ ಕೇಳಲಿ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಇಳಿಸಿದ ಕಟ್ಟಿನ ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ, ದಾರಿಯಲ್ಲಿ ಬಂದವರು ತಲೆಗೆ ಎತ್ತಿಕೊಟ್ಟು ಮುಂದೆ ಹೋಗಬೇಕು. ಬಾಯಿಬಿಟ್ಟು ಕೇಳಬೇಕಾಗಿಲ್ಲ. ನಿಂತರೆ ಸಾಕು.

ಸೌದೆಯವನು ಎಂದೂ ಹಾಗೆ ನಿಂತವನಲ್ಲ. ಗುಡ್ಡದ ಮೇಲೆ ಆಳೆತ್ತರದ ಬಂಡೆಯೊಂದಿತ್ತು. ಕಟ್ಟಿಗೆಯನ್ನು ಅದರ ಮೇಲೇ ಪೇರಿಸಿ ಕಟ್ಟಿ, ಕೆಳಗೆ ತಲೆಯೊಡ್ಡಿ ಎಳೆದುಕೊಳ್ಳುತ್ತಿದ್ದ. ಇನ್ನೊಬ್ಬರ ಕೈ ತಾಗಿದರೆ ತನ್ನ ಬಲಕ್ಕೆ ಮೈಲಿಗೆ ಎನ್ನುತ್ತಿದ್ದ.

ಒಂದು ದಿನ ಅವನ ಹೆಂಡತಿ ಹೆತ್ತಳು. ಮನೆಯಲ್ಲಿ ಸೌದೆ ಮುಗಿದಿತ್ತು. ಬಾಣಂತಿಗೂ ಕೂಸಿಗೂ ನೀರು ಕಾಯಿಸಬೇಕು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಅವನು ಗುಡ್ಡಕ್ಕೆ ಓಡಿ, ಒಣಗಿದ್ದನ್ನೆಲ್ಲ ಕಡಿದು ಹೊತ್ತು ಹೊರಟ. ನಡುದಾರಿಯಲ್ಲಿ ಕಾಲು ಜಾರಿತು. ಕಟ್ಟು ಕೆಳಗೆ ಬಿತ್ತು. ಅಲ್ಲಿ ಬಂಡೆಯಿರಲಿಲ್ಲ.

ಒಬ್ಬ ಅಜ್ಜಿ ಆ ದಾರಿಯಲ್ಲಿ ಬಂದಳು. ಅವಳನ್ನು ಕಂಡವನೇ ಅವನು ಕಟ್ಟಿನ ಮೇಲೆ ಕುಳಿತುಬಿಟ್ಟ.

"ಎತ್ತಿಕೊಡಲೇನೋ?"

"ಬೇಡವಜ್ಜಿ. ಸುಮ್ಮನೆ ಗಾಳಿಗೆ ಕೂತಿದ್ದೇನೆ."

"ಗಾಳಿ ಜೋರಾಗಿದೆ ಮಗಾ, ಹಾರಿಹೋದೀಯೆ," ಎಂದು ಅವಳು ನಡೆದಳು.

ಅವನು ಮೊಣಕಾಲು ಕೊಟ್ಟು ಎತ್ತಿದ. ಎದೆ ಕೊಟ್ಟು ಎತ್ತಿದ. ಕಟ್ಟು ಸೊಂಟದವರೆಗೆ ಬರುತ್ತಿತ್ತು, ಮತ್ತೆ ನೆಲಕ್ಕೆ ಹೋಗುತ್ತಿತ್ತು. ಮೊದಲ ಹನಿ ಬಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಸೌದೆಯೆಲ್ಲ ನೆನೆಯುತ್ತದೆ. ಮನೆಯಲ್ಲಿ ಕೂಸು ಚಳಿಯಲ್ಲಿ ಮಲಗಿದೆ.

ಅವನು ಎದ್ದು ಕಟ್ಟಿನ ಪಕ್ಕದಲ್ಲಿ ನಿಂತ. ಹುಟ್ಟಿದಂದಿನಿಂದ ಅವನು ಎತ್ತಿದ್ದರಲ್ಲೆಲ್ಲ ಹೆಚ್ಚು ಭಾರವಾದದ್ದು ಅಂದು ಅವನ ಸ್ವಂತ ಮೈ.

ಯಾರೋ ಬಂದರು. ಕಟ್ಟಿನ ಆ ಬದಿಗೆ ಎರಡು ಕೈ ಸೇರಿದವು. ಕಟ್ಟು ಅರಳೆಯ ಹಾಗೆ ಮೇಲೆದ್ದಿತು. ಅವನು ತಲೆಯೊಡ್ಡಿದ. ಮುಂದೆ ಇಳಿಬಿದ್ದ ರೆಂಬೆಗಳು ಕಣ್ಣು ಮುಚ್ಚಿದವು. ಕಂಡದ್ದು ಎರಡು ಪಾದ ಮಾತ್ರ. ಅವಕ್ಕೆ ಕೆಮ್ಮಣ್ಣು ಮೆತ್ತಿತ್ತು.

"ಯಾರು?" ಎಂದ.

"ಮಳೆ ಬಂತು, ನಡಿ," ಎಂದಿತು ಧ್ವನಿ. ಗಂಡೋ ಹೆಣ್ಣೋ ಗಾಳಿಯಲ್ಲಿ ತಿಳಿಯಲಿಲ್ಲ. ತಲೆಯ ಮೇಲೆ ಕಟ್ಟು ಹೊತ್ತವನು ಹಿಂದಿರುಗಿ ನೋಡಲಾರ. ನಡೆದ.

ಮಳೆ ಹಿಡಿಯುವ ಮೊದಲೇ ಮನೆಯಲ್ಲಿ ಒಲೆ ಹತ್ತಿತು. ನೀರು ಕಾಯಿತು. ಕೂಸು ಮಿಂದು ನಿದ್ದೆಹೋಯಿತು.

ಮರುದಿನ ಅವನು ಆ ಪಾದಗಳನ್ನು ಹುಡುಕಿ ಹೊರಟ. ದನಗಾಹಿಯ ಮುಂದೆ ಬಗ್ಗಿ ನೋಡಿದ. ಕೆಮ್ಮಣ್ಣು. ವ್ಯಾಪಾರಿಯ ಮುಂದೆ ಬಗ್ಗಿದ. ಅಲ್ಲೂ ಕೆಮ್ಮಣ್ಣು. ಅಜ್ಜಿಯ ಪಾದಕ್ಕೂ ಅದೇ ಮಣ್ಣು. ಕಾಲಿಗೆ ಬಿದ್ದನೆಂದು ತಿಳಿದ ಜನ ಅವನ ತಲೆ ಮುಟ್ಟಿ ಹರಸಿದರು. "ಮಗು ಹುಟ್ಟಿದ್ದೇ ತಡ, ಬುದ್ಧಿ ಬಂತು ನೋಡು," ಎಂದು ನಕ್ಕರು. ಸಂಜೆಯೊಳಗೆ ಊರಿನ ಎಲ್ಲ ಕೈಗಳೂ ಅವನ ತಲೆಯ ಮೇಲೆ ಇಳಿದಿದ್ದವು. ಎತ್ತಿಕೊಟ್ಟ ಕೈ ಯಾವುದೆಂದು ಮಾತ್ರ ಗೊತ್ತಾಗಲಿಲ್ಲ. ಯಾವ ಕೈಯೂ ಅಲ್ಲವೆನ್ನುವಂತಿರಲಿಲ್ಲ. ಅವನು ಊರ ನಡುವೆ ಕೈಮುಗಿದು ಬಹಳ ಹೊತ್ತು ನಿಂತಿದ್ದ.

ಅಲ್ಲಿಯವರೆಗೆ ಆ ಊರಿನವರು ಎಲ್ಲದಕ್ಕೂ ಭಾರವೆನ್ನುತ್ತಿದ್ದರು. ಅವನು ಹೇಳಿದ: "ನೆಲದ ಮೇಲೆ ಬಿದ್ದಿರುವವರೆಗೆ ಅದು ಭಾರ. ಇನ್ನೊಬ್ಬರ ಕೈ ಕೂಡಿ ತಲೆಗೇರಿದ್ದು ಹೊರೆ."

"ಮಾತು ಹುಟ್ಟಿದ್ದು ಹೀಗೆ," ಎಂದರು ಗುರುಗಳು. "ಪಂಡಿತರು ಬೇರೇನೋ ಹೇಳುತ್ತಾರೆ. ಪಾಪ, ಅವರಿಗೆ ಆ ಗುಬ್ಬಿಗಳ ಪರಿಚಯವಿಲ್ಲ."

ಹಂಪಯ್ಯ ನಕ್ಕ. "ಕತೆಯೇನೋ ಚೆನ್ನಾಗಿದೆ. ಆದರೂ ಗುರುಗಳೇ, ಗುಡ್ಡದಿಂದ ಇಲ್ಲಿಯವರೆಗೆ ಇದನ್ನು ತಂದವನು ನಾನೊಬ್ಬನೇ."

ಗುರುಗಳು ಅಂಗಳದಲ್ಲಿದ್ದ ಹೊರೆಯನ್ನು ನೋಡಿದರು. ಅವನ ತಲೆಯ ಮೇಲಿದ್ದ ಸಿಂಬಿಯನ್ನು ನೋಡಿದರು.

"ಗುಡ್ಡದಲ್ಲಿ ಇದು ನಿನ್ನ ತಲೆಗೇರಿದಾಗ ಎದುರಿಗಿದ್ದ ಪಾದ ಯಾರದು, ಹಂಪಯ್ಯ?"